ಕಕ್ಕೆಗೆ ನೀರು ಹಾಯಿಸಿದ ಬೇಸಿಗೆ

ನಮ್ಮಕ್ಕನ ತೋಟದಲ್ಲಿ ತೆಂಗಿರಲಿಲ್ಲ, ಮಾವಿರಲಿಲ್ಲ, ಗುಲಾಬಿಯಂತೂ ಮೊದಲೇ ಇರಲಿಲ್ಲ. ಹುಲಿಕುಂಟೆ ಕಡೆ, ಊರಾಚೆ, ರಾಗಿಯೂ ನೆಟ್ಟಗೆ ಏಳದ ಒಂದೂವರೆ ಎಕರೆ ಗರಸು ನೆಲವನ್ನು ಕೊಂಡು ಅವಳು ಬೆಳೆಸಿದ್ದು ಜನ ಕಡಿದು ಒಲೆಗೆ ಹಾಕುವ ಗಿಡಗಳನ್ನು. ಕಕ್ಕೆ, ಮುತ್ತುಗ, ತಂಗಡಿ, ಕವಳೆ, ಬಿಕ್ಕೆ, ಕಾರೆ, ಲಕ್ಕಿ, ಎಕ್ಕ. ಊರಿನವರು ಹಿಂದಿನಿಂದ ನಗುತ್ತಿದ್ದರು. ಎದುರಿಗೆ ನಗುವ ಧೈರ್ಯ ಯಾರಿಗೂ ಇರಲಿಲ್ಲ, ಏಕೆಂದರೆ ಅರ್ಧ ಊರಿಗೆ ಅಕ್ಷರ ತಿದ್ದಿಸಿದವಳು ಅವಳೇ. ನಾನೊಬ್ಬ ಎದುರಿಗೇ ನಗುತ್ತಿದ್ದೆ. ಶಿರಾದಲ್ಲಿ ನನ್ನದು ಡ್ರಿಪ್ ಪೈಪಿನ ಅಂಗಡಿ. ತಾಲ್ಲೂಕಿನ ದಾಳಿಂಬೆ ತೋಟಗಳಿಗೆಲ್ಲ ಹನಿ ನೀರಿನ ವ್ಯವಸ್ಥೆ ಮಾಡಿಕೊಡುವ ನನಗೆ, ನೀರೇ ಬೇಡದ ತೋಟ ಮಾಡಿದ ಅಕ್ಕ ಸಿಕ್ಕಿದ್ದು ನನ್ನ ಹಣೆಬರಹ ಎಂದು ಗಿರಾಕಿಗಳ ಮುಂದೆ ಹೇಳಿಕೊಂಡು ನಗುತ್ತಿದ್ದೆ.

ಅವಳು ಪ್ರೈಮರಿ ಶಾಲೆಯ ಟೀಚರು. ಮದುವೆಯಾಗಲಿಲ್ಲ. ನೌಕರಿ ಪೂರ್ತಿ ನಮ್ಮ ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಸುತ್ತಿದಳು. ವರ್ಗವಾದಾಗಲೆಲ್ಲ ಪಾತ್ರೆ ಪಡಗದ ಜೊತೆಗೆ ಬುಡದ ಮಣ್ಣಿಗೆ ಗೋಣಿತಾಟು ಸುತ್ತಿದ ಸಸಿಗಳೂ ಲಾರಿ ಹತ್ತುತ್ತಿದ್ದವು. ಬಿಕ್ಕೆ ಕೊರಟಗೆರೆ ಕಡೆಯ ಗುಡ್ಡದಂಚಿನದು. ಉಪ್ಪಿನಕಾಯಿಗೆ ಹಾಕುವ ಮಾಕಳಿ ಬೇರಿನ ಬಳ್ಳಿ ಮಧುಗಿರಿಯ ಬಂಡೆಸಂದಿಯದು. ತಂಗಡಿ, ಕವಳೆಗಳು ಪಾವಗಡದ ವಳ್ಳೂರು, ಬಲಸಮುದ್ರದ ಹೊಲದ ಬದುಗಳಲ್ಲಿದ್ದವು. ಅಲ್ಲಿನವರು ಹೊಲಗಳನ್ನು ಸೋಲಾರ್ ಕರೆಂಟಿನ ಪಾರ್ಕಿಗೆ ಗುತ್ತಿಗೆ ಕೊಟ್ಟ ವರ್ಷ, ಜೆಸಿಬಿ ಬಂದು ಬದು ಕೀಳುವ ಮೊದಲು ಅಕ್ಕ ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವಳೇ ಗುದ್ದಲಿ ಹಿಡಿದು ಹೋಗುತ್ತಿದ್ದಳು. ಸಸಿಗಳನ್ನು ವ್ಯಾನಿಗೆ ಹಾಕಿಕೊಳ್ಳಲು ನಾನು ಹೋದ ದಿನ ಒಬ್ಬ ಮುದುಕಿ ಬದುವಿನ ಮೇಲೆ ಕೂತು, “ಏಮಮ್ಮಾ ಟೀಚರಮ್ಮ, ತಂಗೇಡು ಗಿಡಕ್ಕೂ ಟ್ರಾನ್ಸ್‌ಫರ್ ಬಂದೈತಾ?” ಎಂದು ಆ ಕಡೆಯ ತೆಲುಗು ಬೆರೆಸಿ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅಕ್ಕ ನಗುತ್ತಲೇ ಅಗೆಯುತ್ತಿದ್ದಳು.

ಆ ತೋಟವನ್ನು ಮಳೆಗಾಲದಲ್ಲಿ ನೋಡಲು ಬಂದವರಿಗೆ ಅಕ್ಕ ಕಾಫಿ ಕೊಟ್ಟು ವಾಪಸು ಕಳಿಸುತ್ತಿದ್ದಳು. “ಮಳೇಲಿ ಯಾವ ಗಿಡ ಚೆನ್ನಾಗಿರಾಕಿಲ್ಲ? ಬ್ಯಾಸ್ಗೇಲಿ ಬನ್ನಿ” ಎನ್ನುತ್ತಿದ್ದಳು. ಬೇಸಿಗೆಯಲ್ಲಿ ಬಂದು ನೋಡಿದವರು ಆಮೇಲೆ ಹಿಂದಿನಿಂದಲೂ ನಗುತ್ತಿರಲಿಲ್ಲ. ಶಿವರಾತ್ರಿಯ ಹೊತ್ತಿಗೆ ಸುತ್ತಲ ಬಯಲೆಲ್ಲ ಬೂದಿ ಬಣ್ಣ. ಆಗ ಮುತ್ತುಗ ಇದ್ದಬದ್ದ ಎಲೆಯನ್ನೆಲ್ಲ ಕೆಡವಿ, ಒಲೆಯಿಂದ ಈಗಷ್ಟೇ ಎಳೆದ ಕೊಳ್ಳಿಯ ಹಾಗೆ ಕೊಂಬೆಕೊಂಬೆಯ ತುದಿಯಲ್ಲಿ ಕೆಂಪು ಹಿಡಿದುಕೊಂಡು ನಿಲ್ಲುತ್ತಿತ್ತು. ಅದರ ಬೆನ್ನಿಗೆ ಕವಳೆ. ಮುಳ್ಳಿನ ಪೊದೆಯ ಮೈತುಂಬ ಸಣ್ಣ ಬಿಳಿ ಹೂವು, ಬೆಳಗಿನ ಗಾಳಿಗೆ ಮಲ್ಲಿಗೆಗಿಂತ ಒಂದು ಕೈ ಮೇಲಾದ ವಾಸನೆ. ಬಿಕ್ಕೆಯ ಹೂವು ಬೆಳಿಗ್ಗೆ ಬಿಳಿ, ಸಂಜೆಗೆ ಹಳದಿ. ಒಂದೇ ಗಿಡದಲ್ಲಿ ಇವತ್ತಿನ ಹೂವು ಯಾವುದು, ನಿನ್ನೆಯದು ಯಾವುದು ಎಂದು ದೂರದಿಂದಲೇ ಹೇಳಬಹುದಿತ್ತು. ಯುಗಾದಿಗೆ ಬೇವು. ಆಮೇಲೆ ಹೊಂಗೆ ತನ್ನ ಬುಡದಲ್ಲಿ ಮಂಡಕ್ಕಿ ಚೆಲ್ಲಿದ ಹಾಗೆ ಹೂವು ಉದುರಿಸಿ, ಆ ಉರಿಬಿಸಿಲಲ್ಲೂ ಎಳೆ ಚಿಗುರಿನ ನೆರಳು ಹಿಡಿಯುತ್ತಿತ್ತು. ಇಡೀ ದಿನ ಜೇನ್ನೊಣದ ಸದ್ದು.

ಇವೆಲ್ಲ ಮುಗಿದು, ಇನ್ನು ಈ ನೆಲದಲ್ಲಿ ಜೀವವೇ ಇಲ್ಲ ಅನ್ನಿಸುವ ಹೊತ್ತಿಗೆ ಕಕ್ಕೆ. ತೋಟದ ಪಡುವಣ ಬದಿಗೆ ಏಳು ಮರ. ಮೊಳದುದ್ದದ ಕರಿ ಕಾಯಿಗಳನ್ನು ನೇತುಹಾಕಿಕೊಂಡು ಬೋಳಾಗಿ ನಿಂತಿರುತ್ತಿದ್ದವು, ಒಂದು ವಾರದಲ್ಲಿ ಬುಡದಿಂದ ತುದಿಯವರೆಗೆ ಹಳದಿ ಗೊಂಚಲುಗಳಾಗುತ್ತಿದ್ದವು. ನಾನು ಒರಟ. ಹೂವು ನೋಡಿ ಕರಗುವ ಜಾತಿಯವನಲ್ಲ. ಆದರೂ ಆ ಏಳು ಮರಗಳ ಕೆಳಗೆ ನಿಂತಾಗ ಗಿರಾಕಿಯ ಫೋನು ಬಂದರೂ ಎತ್ತುತ್ತಿರಲಿಲ್ಲ. ಅಕ್ಕ ಶಾಲೆಗೆ ರಜೆ ಬಿಟ್ಟ ಮೇಲೆ ಅಲ್ಲಿಯೇ ಚಾಪೆ ಹಾಕಿಕೊಂಡು ಮಲಗುತ್ತಿದ್ದಳು. ಎದ್ದಾಗ ಸೆರಗಿನ ತುಂಬ ಹಳದಿ ಎಸಳು.

ಅವಳದು ಒಂದೇ ನಿಯಮ. ನೆಟ್ಟ ಗಿಡಕ್ಕೆ ಎರಡು ವರ್ಷ ಕೊಡದಲ್ಲಿ ನೀರು ಹೊತ್ತು ಹಾಕುವುದು, ಆಮೇಲೆ ಒಂದು ಹನಿಯೂ ಇಲ್ಲ. ನಾನು ಪುಕ್ಕಟೆ ಪೈಪು ಹಾಕಿಸಿಕೊಡುತ್ತೇನೆಂದು ಎಷ್ಟೋ ಸಲ ಹೇಳಿದ್ದೆ. “ಲೇ, ದಾಳಿಂಬೆಗೆ ನೀರು ನಿಲ್ಲಿಸಿ ಒಣಗಾಕೆ ಬುಡಾಕಿಲ್ವಾ ನೀನು? ಬುಟ್ಮೇಲೆ ತಾನೆ ಹೂವು? ಗಿಡಕ್ಕೆ ಸಂಕಟ ಆಗ್ಬೇಕು ಕಣ್ಲಾ, ಆವಾಗ್ಲೇ ಅದಕ್ಕೆ ಹೂ ಬುಡೋ ನ್ಯಾಪ್ಕ ಬರೋದು” ಎಂದು ನನಗೇ ಪಾಠ ಹೇಳುತ್ತಿದ್ದಳು. ಅವಳು ಹೇಳಿದ್ದು ಸರಿಯೇ. ದಾಳಿಂಬೆಯಲ್ಲಿ ನಾವು ಮಾಡುವುದೂ ಅದೇ. ನೀರು ನಿಲ್ಲಿಸಿ, ಎಲೆ ಉದುರಿಸಿ, ಗಿಡಕ್ಕೆ ಸಾವು ಬಂತೇನೋ ಅನ್ನಿಸಿದರೆ ಹೂವು. ಬಿಡುವು ಕೊಡದೆ ನೀರು ಬಿಡುತ್ತಾ ಹೋದರೆ ಗಿಡ ಸುಮ್ಮನೆ ಎಲೆ ಬೆಳೆಸಿಕೊಂಡು ಕೂರುತ್ತದೆ. ಇದು ನಮ್ಮ ಕಡೆ ಪೈಪು ಹಿಡಿದವರಿಗೆಲ್ಲ ಗೊತ್ತಿರುವ ಸಂಗತಿ.

ನನ್ನನ್ನು ಸಾಕಿದವಳು ಅಕ್ಕನೇ. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ, ಅವಳಿಗೆ ಹತ್ತೊಂಬತ್ತು. ನನಗೆ ಜ್ವರ ಬಂದರೆ ಈಗಲೂ ಬಾಯಿಗೆ ಬರುವುದು ಅವ್ವ ಎಂದಲ್ಲ, ಅಕ್ಕ ಎಂದು. ಇದನ್ನು ನಾನು ಅವಳ ಎದುರಿಗೆ ಯಾವತ್ತೂ ಹೇಳಿಲ್ಲ. ಎದುರಿಗೆ ಹೇಳಿದ್ದೆಲ್ಲ ಜಗಳದ ಮಾತೇ.

ನಿವೃತ್ತಿಯಾದ ಮರುವರ್ಷ ಅವಳ ಎರಡೂ ಕಿಡ್ನಿ ಕೈಕೊಟ್ಟವು. ತೋಟದ ಮನೆಗೆ ಬೀಗ ಹಾಕಿಸಿ ಶಿರಾಕ್ಕೆ ನಮ್ಮ ಮನೆಗೆ ಕರೆತಂದೆ. ಸೋಮವಾರ, ಗುರುವಾರ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಸೂಜಿಗೆಂದೇ ನರ ಜೋಡಿಸಿದ ಎಡಗೈ ಹಗ್ಗದಂತೆ ಉಬ್ಬಿತು. ನಾಲ್ಕು ಗಂಟೆ ಮಲಗಿದರೆ ಆ ದಿನ ಹೋಯಿತು, ಮರುದಿನವೂ ಹೋಯಿತು. ಕಾಲು ಸೆಡೆತು ಅವಳು ಹಲ್ಲು ಕಚ್ಚುವಾಗ ನಾನು ಮೀನಖಂಡ ನೀವುತ್ತಿದ್ದೆ. ಹೃದಯ ದುರ್ಬಲವಾಗಿದೆ, ಬೇರೆ ಕಿಡ್ನಿ ಹಾಕುವ ಮಾತೇ ಇಲ್ಲ ಎಂದಿದ್ದರು. ಎಲ್ಲಕ್ಕಿಂತ ಕೆಟ್ಟದ್ದು ಬಾಯಾರಿಕೆ. ಕಾಫಿ, ಸಾರು, ಮಾತ್ರೆ ನುಂಗುವ ನೀರು, ಎಲ್ಲ ಸೇರಿ ದಿನಕ್ಕೆ ಮುಕ್ಕಾಲು ಲೀಟರ್ ದಾಟಬಾರದು. ಬಾಟಲಿಗೆ ಗೆರೆ ಎಳೆದು ಅಳೆದು ಕೊಡುವ ಕೆಲಸ ನನ್ನದು. ಹೆಂಡತಿಗೆ ಮನಸ್ಸು ತಡೆಯದೆ ಒಂದೊಂದು ಗುಟುಕು ಹೆಚ್ಚು ಕೊಟ್ಟುಬಿಡುತ್ತಾಳೆಂದು ಆ ಕೆಲಸವನ್ನು ನಾನೇ ಇಟ್ಟುಕೊಂಡೆ. ಮಧ್ಯಾಹ್ನದ ಬಿಸಿಲಲ್ಲಿ ಅಕ್ಕ ಐಸಿನ ಚೂರೊಂದನ್ನು ದವಡೆಗೆ ಒತ್ತಿಕೊಂಡು, ಅದು ಕರಗದಿರಲಿ ಎಂದು ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ನಾನು ಅಂಗಡಿಗೆ ಹೋಗಿ ಕೆಲಸದವರ ಮೇಲೆ ರೇಗುತ್ತಿದ್ದೆ.

ಹೋದ ಬೇಸಿಗೆಗೆ ಇದು ಎರಡನೆಯ ವರ್ಷ. ಶಿವರಾತ್ರಿಯ ಮರುದಿನ ಬೆಳಿಗ್ಗೆ ಅವಳು ವಿಭೂತಿ ಹಚ್ಚಿಕೊಂಡು, ಪೂಜೆ ಮುಗಿಸಿ, ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡಳು. ಹೆಂಡತಿಯನ್ನೂ ಕರೆದಳು.

“ನೋಡು, ನಾನು ಡಾಕ್ಟ್ರ ಹತ್ರ ಮಾತಾಡಿವ್ನಿ. ಈ ಸಲ ಕಕ್ಕೆ ಹೂವಾಗೋಗಂಟ ಸೂಜಿ ಚುಚ್ಚಿಸ್ಕೊತೀನಿ. ಹೂವಾದ ದಿನ ತ್ವಾಟಕ್ಕೆ ಕರ್ಕೊಂಡೋಗು. ಒಂದು ಸಲ ಕಣ್ತುಂಬ ನೋಡ್ಬುಟ್ಟು, ಅಲ್ಲಿಂದಾಚೆ ನಿಲ್ಲಿಸ್ಬುಡ್ತೀನಿ. ಆಮ್ಯಾಕೆ ಒಂದು ಚೊಂಬು ತಣ್ಣೀರು ಕುಡೀತೀನಿ. ನೀನು ಅಡ್ಡ ಬರಬ್ಯಾಡ.”

ಎಲ್ಲದಕ್ಕೂ ವಾದ ಹಾಕುವ ನಾನು ಅವತ್ತು ವಾದಕ್ಕಿಳಿಯಲಿಲ್ಲ. ಹೆಂಡತಿ ಎದ್ದು ಒಳಗೆ ಹೋದಳು. “ಆಯ್ತು ಬುಡಕ್ಕ” ಎಂದೆ. ಅವಳಿಗೆ ಆಶ್ಚರ್ಯವಾಗಿರಬೇಕು, ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ನಿಲ್ಲಿಸಿದರೆ ಎಷ್ಟು ದಿನ ಎಂದು ಡಾಕ್ಟರನ್ನು ನಾನೊಬ್ಬನೇ ಹೋಗಿ ಕೇಳಿದೆ. ವಾರ, ಹತ್ತು ದಿನ, ಅಬ್ಬಬ್ಬಾ ಎಂದರೆ ಎರಡು ವಾರ ಎಂದರು. ಸಂಕಟ ಆಗದ ಹಾಗೆ ನೋಡಿಕೊಳ್ಳಬಹುದು, ತೀರ್ಮಾನ ಅವರದೇ ಎಂದೂ ಒಳ್ಳೆಯ ಮಾತಿನಲ್ಲೇ ಹೇಳಿದರು. ಆಸ್ಪತ್ರೆಯ ಹೊರಗೆ ವ್ಯಾನಿನಲ್ಲಿ ಕೂತು ಸ್ಟೇರಿಂಗಿಗೆ ಹಣೆ ಚಚ್ಚಿಕೊಂಡೆ. ಅಳುವುದಕ್ಕೂ ಬರಲಿಲ್ಲ, ಹಾಳಾದ್ದು.

ಆಗ ಹೊಳೆಯಿತು. ಕಕ್ಕೆ ಹೂವಾಗದಿದ್ದರೆ?

ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಅವತ್ತು ನಾಚಿಕೆಯಾಗಲಿಲ್ಲ. ಮುಳುಗುವವನಿಗೆ ಕೈಗೆ ಏನೋ ಸಿಕ್ಕಿದಂತಾಯಿತು. ಅಂಗಡಿಗೆ ಹೋಗಿ ಹೊಸ ಡ್ರಿಪ್ ಪೈಪಿನ ಒಂದು ಸುರುಳಿ, ದಪ್ಪ ಹನಿ ಬೀಳುವ ಡ್ರಿಪ್ಪರುಗಳು, ಒಂದು ವಾಲ್ವು ವ್ಯಾನಿಗೆ ಹಾಕಿಕೊಂಡು ಸೀದಾ ತೋಟಕ್ಕೆ ಹೋದೆ. ಏಳೂ ಕಕ್ಕೆಗಳ ಎಲೆ ಇನ್ನೂ ಮರದ ಮೇಲಿತ್ತು. ಉದುರಲು ಶುರುವಾಗುವ ಮೊದಲೇ ನೀರು ಕೊಡಬೇಕು. ತೋಟದ ಪಕ್ಕದ ಹೊಲ ಒಬ್ಬ ವಯಸ್ಸಾದ ಗೌಡರದು. ಅವರ ಬೋರಿನಲ್ಲಿ ಒಂದೂವರೆ ಇಂಚು ನೀರು ಮಾತ್ರ, ಅದೂ ಬೆಳಗಿನ ಹೊತ್ತು ತ್ರೀ ಫೇಸ್ ಕರೆಂಟು ಇರುವಷ್ಟು ಹೊತ್ತು. ಅದರಲ್ಲಿ ಹಸುಗಳಿಗೆ ಹುಲ್ಲು ಬೆಳೆದುಕೊಂಡಿದ್ದರು. ನೀರು ಕೇಳಿದೆ.

“ಟೀಚರಮ್ಮನ ಗಿಡಕ್ಕಾ?” ಎಂದವರು ಎರಡು ಮಾತಾಡಲಿಲ್ಲ. “ತಕ್ಕಳಪ್ಪ. ಹುಲ್ಲು ಒಣಗಿದ್ರೆ ಒಣಗ್ಲಿ, ಮಳೆ ಬಂದ್ರೆ ಮತ್ತೆ ಬತ್ತದೆ. ಆ ಮಾತಾಯಿ ಬರೋ ಹೊತ್ಗೆ ಗಿಡ ಒಣಗಿರಬಾರ್ದು. ನಿನ್ನಂತ ತಮ್ಮ ಸಿಗಾಕೆ ಪುಣ್ಯ ಮಾಡಿರ್ಬೇಕು ಕಣಪ್ಪ.”

ಅವರ ಮುಖ ನೋಡಲಾಗದೆ ಪೈಪು ಬಿಚ್ಚುತ್ತಾ ಕೂತೆ. ಏಳು ಮರಕ್ಕೂ ಪಾತಿ ತೋಡಿ, ಪೈಪು ಎಳೆದು, ಕಾಣದಿರಲೆಂದು ಮೇಲೆ ತರಗು ಮುಚ್ಚಿದೆ. ಮೊದಲ ಸಲ ವಾಲ್ವು ತಿರುಗಿಸಿದಾಗ ಆ ಗರಸು ನೆಲ ನೀರನ್ನು ಸೊರ್ ಎಂದು ಎಳೆದುಕೊಂಡಿತು. ಎಷ್ಟೋ ವರ್ಷದಿಂದ ಬೇಸಿಗೆಯಲ್ಲಿ ನೀರು ಕಾಣದ ನೆಲ. ಅಲ್ಲಿಯೇ ನಿಂತು, ಕುಡಿ, ಕುಡಿ ಎಂದು ಮರಕ್ಕೆ ಹೇಳಿದೆ. ಮನೆಗೆ ಹೋಗಿ ಅಕ್ಕನಿಗೆ ಮಾತ್ರ ಬಾಟಲಿಯ ಗೆರೆ ನೋಡಿ ಅರ್ಧ ಲೋಟ ಅಳೆದುಕೊಟ್ಟೆ.

ಅಲ್ಲಿಂದ ಎರಡು ತಿಂಗಳು ಇದೇ ಕೆಲಸ. ಅಂಗಡಿ ಕೆಲಸದವರಿಗೆ ಬಿಟ್ಟು, ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ತೋಟಕ್ಕೆ ಓಡುತ್ತಿದ್ದೆ. ಕರೆಂಟು ಹೋದ ದಿನ ಜೀವ ಬಾಯಿಗೆ ಬರುತ್ತಿತ್ತು. ಒಂದು ವಾರ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದಾಗ ವ್ಯಾನಿನಲ್ಲಿ ಡ್ರಮ್ಮಿಟ್ಟುಕೊಂಡು ಕೆರೆಯಂಗಳದ ಗುಂಡಿಯಿಂದ ನೀರು ಹೊಡೆದೆ. ಊರಿನ ಹೆಂಗಸರು ಖಾಲಿ ಬಿಂದಿಗೆ ಇಟ್ಟುಕೊಂಡು ನಲ್ಲಿಯ ಮುಂದೆ ಕಾಯುತ್ತಿದ್ದರು. ಅವರ ಮುಂದೆಯೇ ನಾನು ಡ್ರಮ್ಮು ತುಳುಕಿಸಿಕೊಂಡು ಕಾಡುಮರಕ್ಕೆ ನೀರು ಹೊಯ್ಯಲು ಹೋಗುತ್ತಿದ್ದೆ. ಯಾರೂ ಬೈಯಲಿಲ್ಲ. ಟೀಚರಮ್ಮನ ಗಿಡ ತಾನೆ ಎಂದು ದಾರಿ ಬಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮನೆಯಲ್ಲಿ ಅಕ್ಕ ವಾರಕ್ಕೊಂದು ಸಲ ಕೇಳುತ್ತಿದ್ದಳು. “ಎಲೆ ಉದುರ್ತಾ?”

“ಇನ್ನೂ ಇಲ್ಲಕ್ಕ. ಈ ವರ್ಷ ಯಾಕೋ ತಡ.”

“ಬಿಸಿಲು ಇಂಗೆ ಸುಡ್ತಾ ಐತೆ, ತಡ ಯಾಕಾಯ್ತದೆ?”

“ಹಿಂಗಾರು ಜಾಸ್ತಿ ಆಗಿತ್ತಲ್ಲ, ನೆಲದಲ್ಲಿ ಪಸೆ ಐತೆ.”

ಸುಳ್ಳು ಹೇಳುವುದಕ್ಕೂ ಕಸುಬು ಗೊತ್ತಿರಬೇಕು. ನನಗೆ ಗೊತ್ತಿತ್ತು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಯಾರದೋ ಕಾಂಪೌಂಡಿನೊಳಗೆ ಒಂದು ಕಕ್ಕೆ ಮರವಿದೆ. ಅದು ಏಪ್ರಿಲಿನಲ್ಲೇ ಹೂವಾಗಿಬಿಟ್ಟಿತು. ಅವತ್ತಿನಿಂದ ಸಂತೆಮಾಳದ ಮೇಲಿನಿಂದ ಸುತ್ತಿ ಬಳಸಿ ಹೋಗತೊಡಗಿದೆ. ರಸ್ತೆ ಅಗೆದಿದ್ದಾರೆ ಎಂದೆ. ಎತ್ತೆತ್ತಿ ಹಾಕುವ ಹಳ್ಳದ ದಾರಿಯಲ್ಲಿ ಅಕ್ಕ ನೋವಿನ ಕೈಯನ್ನು ಎದೆಗೆ ಒತ್ತಿಕೊಂಡು ಕೂತಿರುತ್ತಿದ್ದಳು.

ಅಷ್ಟರಲ್ಲಿ ತೋಟ ತೋಟವಾಗಿ ಉಳಿದಿರಲಿಲ್ಲ. ಕಕ್ಕೆಗಳು ನಾನಂದುಕೊಂಡಂತೆಯೇ ಹೊಸ ಎಲೆ ಹಾಕಿಕೊಂಡು ದಟ್ಟವಾಗಿ ನಿಂತಿದ್ದವು. ಆದರೆ ಇಳಿಜಾರಿಗೆ ಹರಿದ ನೀರು ಬಿಕ್ಕೆಯ ಸಾಲಿಗೆ ನುಗ್ಗಿ, ಆ ವರ್ಷ ಅದು ನಾಲ್ಕೇ ಹೂವು ಬಿಟ್ಟಿತು. ಮಾಕಳಿ ಬಳ್ಳಿ ಇದ್ದಕ್ಕಿದ್ದಂತೆ ಹಳದಿಯಾಯಿತು. ಎಳೆದು ನೋಡಿದರೆ ಗೆಡ್ಡೆ ಕೊಳೆತು ಕೈಗೆ ಲೋಳೆಯಾಗಿ ಬಂತು. ಬಂಡೆಸಂದಿಯಲ್ಲಿ ಒಂದು ಬೊಗಸೆ ಮಣ್ಣಿನಲ್ಲಿ ಬದುಕುವ ಗಿಡವನ್ನು ನಾನು ನೀರು ಕುಡಿಸಿ ಕೊಂದಿದ್ದೆ. ತೇವ ಕಂಡಲ್ಲೆಲ್ಲ ಕಾಂಗ್ರೆಸ್ ಗಿಡ ಎದ್ದಿತ್ತು. ಸುತ್ತ ಎಲ್ಲೂ ಹಸಿರಿಲ್ಲದ್ದರಿಂದ ಊರಿನ ಮೇಕೆಗಳು ಬೇಲಿ ಹಾರಿ ಬಂದು ಕವಳೆಯ ಹೂಚಿಗುರನ್ನು ಮೇಯ್ದು ಬೋಳು ಮಾಡಿದವು. ಪಕ್ಕದಲ್ಲಿ ಗೌಡರ ಹುಲ್ಲು ಒಣಗಿ ಕಡ್ಡಿಯಾಗಿತ್ತು. ಮುಳ್ಳುಬೇಲಿಗೆ ಒರಗಿ ನಿಂತು ನೋಡಿದರೆ ಅದು ಅಕ್ಕನ ಬೇಸಿಗೆಯಾಗಿರಲಿಲ್ಲ. ಎಲ್ಲೋ ಕಾಲುವೆಯಂಚಿನ ಹಾಳು ಜಾಗದಂತೆ ಕಾಣುತ್ತಿತ್ತು. ಆದರೂ ವಾಲ್ವು ಮುಚ್ಚಲಿಲ್ಲ.

ಮೇ ತಿಂಗಳ ಎರಡನೆಯ ವಾರ, ಒಂದು ಬುಧವಾರ ಬೆಳಿಗ್ಗೆ ಹೋದಾಗ ಕೊನೆಯ ಮರದಲ್ಲಿ ಮೊಗ್ಗು ಕಂಡಿತು. ಅದರ ಬೇರು ಬಂಡೆಯ ಕಡೆಗಿತ್ತು, ನೀರು ಸರಿಯಾಗಿ ತಲುಪಿರಲಿಲ್ಲ. ಹತ್ತು ಹನ್ನೆರಡು ಗೊಂಚಲು, ಹಸಿರು ಮಣಿ ಪೋಣಿಸಿದಂತೆ ಎಲೆಗಳ ನಡುವೆ ಇಳಿಬಿದ್ದಿದ್ದವು. ಎರಡರಲ್ಲಿ ಆಗಲೇ ಹಳದಿ ಬಿರಿದಿತ್ತು. ಆಮೇಲೆ ಏನಾಯಿತೋ, ತೋಟದ ಮನೆಯ ಸೂರಿಗೆ ಸಿಕ್ಕಿಸಿದ್ದ ದೋಟಿಯನ್ನು ಎಳೆದು ತಂದು, ಅದರ ಕೊಕ್ಕೆಯನ್ನು ಗೊಂಚಲಿಗೆ ಹಾಕಿ ಜಗ್ಗತೊಡಗಿದೆ. ಒಂದೊಂದಾಗಿ ಬಿದ್ದವು. ಮೇಲಿನವು ಎಟುಕದೆ ಕೋಲಿನಿಂದ ಬಡಿದೆ. ಮೊಗ್ಗು, ಎಲೆ, ಅರಳಿದ ಎಸಳು ಎಲ್ಲ ತಲೆ ಮೇಲೆ ಸುರಿಯುತ್ತಿತ್ತು. ಕೆಸರಿಗೆ ಬಿದ್ದದ್ದನ್ನು ಕಾಲಿನಿಂದ ಒಳಕ್ಕೆ ತುಳಿದೆ. ಬಾಯಲ್ಲಿ ಕೆಟ್ಟ ಬೈಗುಳ. ಯಾರನ್ನು ಬೈಯುತ್ತಿದ್ದೆನೋ ದೇವರಿಗೇ ಗೊತ್ತು.

“ರೀ.”

ತಿರುಗಿದರೆ ಗೇಟಿನಲ್ಲಿ ಹೆಂಡತಿ. ಅವಳ ಹೆಗಲಿಗೆ ಒರಗಿ ಅಕ್ಕ. ಹಿಂದೆ ಬಾಡಿಗೆ ಆಟೊ.

ನಡೆದದ್ದು ಆಮೇಲೆ ತಿಳಿಯಿತು. ಹಿಂದಿನ ಸೋಮವಾರ ಆಸ್ಪತ್ರೆಯ ನರ್ಸಮ್ಮ ಸೂಜಿ ಚುಚ್ಚುತ್ತಾ, ಊರೆಲ್ಲ ಕಕ್ಕೆ ಹೂವಾಗಿದೆ, ನಿಮ್ಮ ತೋಟದ ಫೋಟೊ ತೋರಿಸಿ ಮೇಡಂ ಎಂದು ಕೇಳಿದ್ದಳಂತೆ. ಅಕ್ಕ ಎರಡು ದಿನ ಯೋಚಿಸಿ ಹೆಂಡತಿಯನ್ನು ಕೇಳಿದ್ದಾಳೆ. ಅಂಗಡಿಯಲ್ಲಿ ಪೈಪಿನ ಸುರುಳಿ ಕಾಣೆಯಾದದ್ದು, ಊರಿಗೆಲ್ಲ ಧೂಳಿರುವಾಗ ನನ್ನ ಚಪ್ಪಲಿಗೆ ಮಾತ್ರ ಕೆಸರಿರುವುದು ಹೆಂಡತಿಗೆ ಗೊತ್ತಿತ್ತು. ಅವಳು ಅಕ್ಕನಿಗೆ ಏನನ್ನೂ ಮುಚ್ಚಿಡುವವಳಲ್ಲ.

ಅಕ್ಕ ಒಳಗೆ ಬಂದಳು. ಐದು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಂಡು, ಬಿಕ್ಕೆಯ ಸಾಲು ನೋಡಿದಳು, ಮೇಕೆ ಮೇಯ್ದ ಕವಳೆ ನೋಡಿದಳು, ಮಾಕಳಿ ಹಬ್ಬಿದ್ದ ಜಾಗದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತಳು. ನಾನು ದೋಟಿ ಹಿಡಿದುಕೊಂಡೇ ಇದ್ದೆ. ಕೊನೆಯ ಮರದ ಪಾತಿಯ ಅಂಚಿಗೆ ಒಂದು ಚಪ್ಪಡಿಯಿತ್ತು, ಅದರ ಮೇಲೆ ಕೂತಳು. ಚಪ್ಪಲಿ ತೆಗೆಸಿ, ಬಾತುಕೊಂಡ ಎರಡೂ ಪಾದಗಳನ್ನು ಪಾತಿಯ ಕೆಸರು ನೀರಿನಲ್ಲಿ ಇಳಿಬಿಟ್ಟಳು.

“ಅಬ್ಬಾ, ತಣ್ಣಗೈತೆ” ಎಂದಳು.

ಅಷ್ಟೇ. ಅಷ್ಟು ಕೇಳಿದ್ದೇ ತಡ, ಎರಡು ತಿಂಗಳಿಂದ ಬಾರದಿದ್ದ ಅಳು ಬಂದುಬಿಟ್ಟಿತು. ಗಂಡಸು, ಐವತ್ತು ಮುಟ್ಟಿದವನು, ತಲೆಯ ತುಂಬ ಹೂವಿನ ಚೂರು ಹೊತ್ತುಕೊಂಡು ಗೊಳೋ ಎಂದು ಅತ್ತೆ. ಬೇಲಿಯಾಚೆ ಗೌಡರು ಹಸುವಿಗೆ ಒಣಹುಲ್ಲು ಹಾಕುತ್ತಿದ್ದವರು ಎದ್ದು ನಿಂತರು.

“ಎಷ್ಟು ದಿನದಿಂದ ಬುಡ್ತಾ ಇದ್ದೀಯ ನೀರು?”

“ಶಿವರಾತ್ರಿಯಿಂದ.”

“ದಿನಾಲೂವಾ?”

“ದಿನಾಲೂ.”

“ನಾನು ಒಂದು ಗುಟುಕು ಕೇಳಿದ್ರೆ ಬಾಟ್ಲಿ ಗೆರೆ ತೋರಿಸ್ತಿದ್ದಲ್ಲೋ” ಎಂದಳು. ಸಿಟ್ಟಿರಲಿಲ್ಲ, ಸೋಜಿಗಪಟ್ಟವಳಂತೆ ಅಂದಳು. ಸಿಟ್ಟಿನಲ್ಲಿ ಅಂದಿದ್ದರೆ ನಾನೂ ತಿರುಗಿ ಏನಾದರೂ ಹೇಳುತ್ತಿದ್ದೆ.

“ನೀನು ಹೂ ನೋಡಿದ್ ದಿನ ನಿಲ್ಲಿಸ್ತೀನಿ ಅಂದೆ. ನಾನೇನ್ ಮಾಡ್ಲಿ? ಹೇಳು. ನಾನೇನ್ ಮಾಡ್ಬೇಕಾಗಿತ್ತು?”

ಅವಳು ಕಾಲಿನಿಂದ ನೀರು ಕದಡುತ್ತಾ ಕೂತಳು. ತುಳಿದ ಮೊಗ್ಗುಗಳು ಮೇಲೆ ತೇಲಿ ಬಂದವು. ಒಂದು ಗೊಂಚಲನ್ನು ಎತ್ತಿ, ಸೀರೆಯಂಚಿನಿಂದ ಕೆಸರು ಒರೆಸಿ, ಮಡಿಲಲ್ಲಿಟ್ಟುಕೊಂಡಳು. ಎಲ್ಲ ಒಪ್ಪಿಕೊಂಡವಳಂತೆ ತಲೆಯಾಡಿಸಿ ನನ್ನನ್ನು ಹತ್ತಿರ ಕರೆದಳು. ನಾನು ಅವಳ ಕಾಲ ಬಳಿ ಕೆಸರಲ್ಲೇ ಕೂತೆ.

“ಎಷ್ಟು ದಿನ ಬೇಕ್ಲಾ ನಿಂಗೆ?”

ನನಗೆ ಮೊದಲು ಅರ್ಥವಾಗಲಿಲ್ಲ.

“ಮರ ಹೂವಾಗ್ಲಿ ಬುಡ್ಲಿ, ಅದು ಅತ್ಲಾಗಿರ್ಲಿ. ಇನ್ನೆಷ್ಟು ದಿನ ಇರ್ಬೇಕು ನಾನು, ನಿನ್ ಲೆಕ್ಕದಾಗೆ? ಒಂದು ಹೇಳು. ಅಷ್ಟು ದಿನ ಆಸ್ಪತ್ರೆಗೆ ಹೋಯ್ತೀನಿ. ಗಿಡಗಳ ಮೇಲೆ ತೀರಿಸ್ಕಬ್ಯಾಡ.”

ಹೆಂಡತಿ ಮುಖ ತಿರುಗಿಸಿಕೊಂಡಳು. ಮರ್ಯಾದಸ್ಥನಾಗಿದ್ದರೆ ಆಗ ಹೇಳಬೇಕಾದ ಮಾತು ಒಂದೇ ಇತ್ತು. ಬೇಡಕ್ಕ, ನಿನಗೆ ಸಾಕೆನಿಸಿದ್ದರೆ ಸಾಕು. ನಾನು ಹೇಳಿದ್ದು ಬೇರೆ.

“ಒಂದು ತಿಂಗಳು.”

“ಆಗ್ಲಿ” ಎಂದಳು ಅಕ್ಕ. ಸಂತೆಯಲ್ಲಿ ಚೌಕಾಸಿ ಮಾಡುವವಳು, ನನ್ನ ಹತ್ತಿರ ಒಂದು ದಿನವನ್ನೂ ಕಡಿಮೆ ಮಾಡಿಸಲಿಲ್ಲ.

ಎದ್ದು ಹೋಗಿ ವಾಲ್ವು ಮುಚ್ಚಿದೆ. ಪೈಪು ಸುತ್ತಿ ವ್ಯಾನಿಗೆ ಹಾಕಿದೆ. ಗೌಡರ ಕಾಲು ಹಿಡಿದುಕೊಳ್ಳಲು ಹೋದೆ, ಅವರು ಬೆನ್ನು ತಟ್ಟಿ ಎಬ್ಬಿಸಿದರು. ಆ ವರ್ಷ ಕಕ್ಕೆ ಹೂವಾಗಲಿಲ್ಲ. ನಾನು ಬಡಿಯದೆ ಉಳಿದ ಒಂದೆರಡು ಗೊಂಚಲು ಎತ್ತರದಲ್ಲಿ ಅರಳಿ ಉದುರಿದವಂತೆ.

ಅವಳು ಮಾತಿಗೆ ತಪ್ಪುವವಳಲ್ಲ. ಗುರುವಾರ ಹೋದಳು, ಸೋಮವಾರ ಹೋದಳು. ಒಂದು ಸಲ ಬಿಪಿ ಕುಸಿದು ಕಣ್ಣುಗುಡ್ಡೆ ಮೇಲಾಗಿ, ನರ್ಸಮ್ಮ ಓಡಿಬಂದು ಹಾಸಿಗೆಯ ಕಾಲು ಎತ್ತರಿಸಿದಳು. ಇನ್ನೊಂದು ಸಲ ಸೂಜಿ ಮೂರು ಕಡೆ ಚುಚ್ಚಿದರೂ ಸರಿಹೋಗದೆ ಕೈ ಪೂರ್ತಿ ನೀಲಿಯಾಯಿತು. ಪ್ರತಿ ಸಲವೂ ಪಕ್ಕದಲ್ಲಿ ಕೂತವನು ನಾನೇ. ನನಗಾಗಿ ನಡೆಯುತ್ತಿದೆ ಇದು ಎಂದು ಗೊತ್ತಿದ್ದೂ ಕೂತಿದ್ದೆ. ಈಗ ನೇರವಾದ ದಾರಿಯಲ್ಲೇ ವ್ಯಾನು ಓಡಿಸುತ್ತಿದ್ದೆ. ಕಾಂಪೌಂಡಿನ ಕಕ್ಕೆ ಬಂದಾಗ ನಿಧಾನ ಮಾಡುತ್ತಿದ್ದೆ, ಅವಳು ಕಿಟಕಿಗೆ ತಲೆ ಆನಿಸಿ ನೋಡುತ್ತಿದ್ದಳು. ಹೂವು ನೋಡಿದೆನಲ್ಲ ಎಂದು ಒಂದು ಮಾತೂ ಆಡಲಿಲ್ಲ. ಹೆಂಡತಿ ಮಾತ್ರ ಅಡುಗೆಮನೆಯಲ್ಲಿ ನನ್ನ ಜೊತೆ ಮಾತು ಬಿಟ್ಟಿದ್ದಳು. ಒಂದೇ ಸಲ ಹೇಳಿದಳು, “ಅವರ ಕೈ ನೋಡ್ರೀ ಒಂದ್ಸಲ. ನೋಡಿ ಆಮೇಲೆ ನಿದ್ದೆ ಮಾಡಿ.”

ತಿಂಗಳು ಮುಗಿದದ್ದು ಒಂದು ಶನಿವಾರ. ಯಾರೂ ಆ ಮಾತು ಎತ್ತಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಸ್ನಾನ ಮಾಡಿ ಹೊರಗೆ ಬಂದಾಗ ಅಕ್ಕ ವಿಭೂತಿ ಹಚ್ಚಿಕೊಂಡು ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದಳು. ಆಸ್ಪತ್ರೆಯ ಚೀಲ ಮಡಿಲಲ್ಲಿರಲಿಲ್ಲ, ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದಳು. ಇಬ್ಬರೂ ನನ್ನ ಮುಖ ನೋಡಿದರು. ಸಾಕು ಎನ್ನುವ ಮಾತನ್ನು ನಾನು ಹೇಳಲಿ ಎಂದೇ ಅಕ್ಕ ಕಾಯುತ್ತಿದ್ದಾಳೆ, ನಾನು ಹೇಳದೆ ಅವಳಾಗಿ ಹೇಳುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ತಿಳಿಯಿತು.

ಮೊಳೆಯಿಂದ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗಿ ವ್ಯಾನು ಸ್ಟಾರ್ಟ್ ಮಾಡಿದೆ.

ಸ್ವಲ್ಪ ಹೊತ್ತಾದ ಮೇಲೆ ಅಕ್ಕ ಎದ್ದು ಬಂದು ಪಕ್ಕದಲ್ಲಿ ಕೂತಳು.